ಪೆಲಿಕನ್ ಚೀಲದಿಂದ ಮಾಯವಾದ ಟ್ವಿನ್

ಟ್ವಿನ್ ಇರಲಿಲ್ಲ.

ವಾಂಡಾ ಒಕಿಮಾ ಪಟ್ಟಿಯನ್ನು ಎರಡು ಸಲ ಓದಿದಳು. ನಲವತ್ತೊಂದು ಎಕ್ಸ್‌ಟೆನ್ಶನ್‌ಗಳು. ಕಳೆದ ತಿಂಗಳು ನಲವತ್ತೆರಡಿದ್ದವು.

"ನನ್ನದು ಎಲ್ಲಿ?"

ವಿನ್ನಿಪೆಗ್‌ನ ಚರ್ಚೊಂದರ ನೆಲಮಾಳಿಗೆಯಲ್ಲಿ ನಮ್ಮ ಪೆಲಿಕನ್ ಗುಂಪು ಸೇರಿತ್ತು. ಅಲ್ಲಿಯವರೆಗೆ ನಾನು ಪೆರೋಗಿ ಕಡುಬು ಚುಚ್ಚಿದ ಫೋರ್ಕನ್ನೇ ಮೈಕು ಮಾಡಿಕೊಂಡು ನಮ್ಮ ಹಿರಿಯ ಲಾರ್ನ್ ಪೆನ್ನರ್‌ನ ಧಾಟಿ ತೆಗೆಯುತ್ತಿದ್ದೆ — "ಮೇಲ್‌ಗೆ ಉತ್ತರ ಬರೆಯೋವಾಗ ಕೇಳಿದ್ದು ಮೇಲಿರ್ಬೇಕು, ಹೇಳೋದು ಕೆಳಗೆ. ಇದು ಪೆಲಿಕನ್ ಕಣ್ರೀ, ಕಂಪನಿ ಆಫೀಸಲ್ಲ." ಎಲ್ಲರೂ ನಗುತ್ತಿದ್ದರು. ನಗು ನಿಂತಿತು.

ಪೆಲಿಕನ್ ಅಂದರೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ತಿದ್ದಬಹುದಾದ ನಮ್ಮ ಡೇಟಾಬೇಸ್. ಅದರ ಜೊತೆಗೇ ಕಟ್ಟಿ ಕಳಿಸುವ ಪುಟ್ಟ ಸೇರ್ಪಡೆ ಪ್ರೋಗ್ರಾಮುಗಳ, ಅಂದರೆ ಎಕ್ಸ್‌ಟೆನ್ಶನ್‌ಗಳ ಗಂಟಿಗೆ ನಾವು 'ಚೀಲ' ಅನ್ನುತ್ತೇವೆ. ಸಂಜೆ ಐದಕ್ಕೆ ಹೊಸ ಆವೃತ್ತಿಯ ಬಿಡುಗಡೆ. ಆಮೇಲೆ ಒಂದು ವರ್ಷ ಚೀಲದ ಬಾಯಿ ಬಿಚ್ಚುವಂತಿಲ್ಲ.

"ಬೇರೆಯಾಗಿ ಇಳಿಸ್ಕೊಂಡ್ರಾಯ್ತಪ್ಪ," ಎಂದ ಡಾರ್ಸಿ. ಅವನ ಕಂಪನಿ ಇಂಥದ್ದನ್ನೇ ಬೇರೆಯಾಗಿ ಮಾರುತ್ತದೆ.

"ನಿಮಗಾಯ್ತು. ನಮ್ಮ ಆಸ್ಪತ್ರೆ ಕಂಪ್ಯೂಟರಿಗೆ ಚೀಲದಲ್ಲಿರೋದು ಮಾತ್ರ ಹಾಕ್ತಾರೆ. ಹೊರಗಿಂದು ಮುಟ್ಟೋದೇ ಇಲ್ಲ." ವಾಂಡಾ ಉತ್ತರದ ಕ್ರೀ ಆದಿವಾಸಿಗಳ ಊರೊಂದರಲ್ಲಿ ನರ್ಸು. ಒಬ್ಬರ ಹೆಸರಿನಲ್ಲಿ ಎರಡು ಫೈಲುಗಳಿದ್ದರೆ ಹಿಡಿದುಕೊಡುವುದು ಟ್ವಿನ್‌ನ ಕೆಲಸ. "ಹೋದ್ವರ್ಷ ಒಬ್ಬ ಅಜ್ಜಿಗೆ ಪೆನಿಸಿಲಿನ್ ಚುಚ್ಚೋಕೆ ಹೊರಟಿದ್ರು. ಅದು ಅವರಿಗೆ ಆಗಲ್ಲ ಅಂತ ಬರೆದಿದ್ದು ಇನ್ನೊಂದು ಫೈಲಲ್ಲಿ. ಅದಕ್ಕೇ ಇದನ್ನ ಬರೆದೆ."

"ತೆಗೀರಿ ಅಂತ ನೀನೇ ಬರೆದೆಯಲ್ಲಮ್ಮ," ಎಂದ ಲಾರ್ನ್. ಹತ್ತೊಂಬತ್ತು ವರ್ಷಗಳಿಂದ ಚೀಲ ಕಟ್ಟುವವರ ಮುಂದಾಳು ಅವನೇ. ಲ್ಯಾಪ್‌ಟಾಪ್ ತಿರುಗಿಸಿದ. ವಾಂಡಾಳ ಮೇಲ್ ವಿಳಾಸದಿಂದ ಮೂರು ವಾರದ ಹಿಂದೆ ಅವನೊಬ್ಬನಿಗೇ ಬಂದ ಉತ್ತರ: 'ಟ್ವಿನ್ ಅನ್ನು ಇನ್ನು ನಾನೇ ಬೇರೆಯಾಗಿ ಹಂಚುತ್ತೇನೆ. ಚೀಲದಿಂದ ತೆಗೆಯಿರಿ.'

"ನಾನು ಬರೆದಿಲ್ಲ."

"ವಿಳಾಸ ನಿಂದೇ."

"ವಿಳಾಸ ಯಾರು ಬೇಕಾದ್ರೂ ಹಾಕ್ಬಹುದು, ಲಾರ್ನ್," ಎಂದರು ಮೊರೀನ್ ಕೊವಲ್ಚುಕ್. ಗ್ರಂಥಾಲಯದಿಂದ ನಿವೃತ್ತರಾಗಿ ನಮ್ಮ ಕೈಪಿಡಿ ಬರೆಯುವವರು. ಒಂದು ಅಲ್ಪವಿರಾಮ ಜಾರಿದರೂ ನಿದ್ದೆಗೆಡುವ ಹೆಂಗಸು. ಕನ್ನಡಕ ಏರಿಸಿದರು. "ಇದು 'ಟ್ವಿನ್ ಪರೀಕ್ಷೆ ಆಯ್ತಾ' ಅನ್ನೋ ಪ್ರಶ್ನೆಗೆ ಉತ್ತರ. ಆ ಪ್ರಶ್ನೆ ಯಾರ್ಯಾರಿಗೆ ಹೋಗಿತ್ತು?"

"ವಾಂಡಾಗೆ. ಮತ್ತೆ ಚೀಲ ಕಟ್ಟೋ ಮೂವರಿಗೆ — ನಾನು, ಡಾರ್ಸಿ, ಇವನು," ಎಂದ ಲಾರ್ನ್, ನನ್ನತ್ತ ಬೆರಳು ತೋರಿಸಿ.

ನೆಲಮಾಳಿಗೆ ತಟ್ಟನೆ ಇಕ್ಕಟ್ಟಾಯಿತು.

"ಡಾರ್ಸಿ, ಟ್ವಿನ್ ಹೋದ್ರೆ ನಿಮಗೆ ಲಾಭ ತಾನೆ?" ಎಂದು ಕೇಳಿದರು ಮೊರೀನ್.

"ಲಾಭಾನೇ. ಅದಕ್ಕೆ ಕಳ್ಳ ಆಗ್ಬೇಕಾ? ಇವನನ್ನ ಕೇಳಿ. ಎಲ್ಲರ ಧಾಟೀನೂ ತೆಗೀತಾನೆ. ವಾಂಡಾದು ತೆಗೆಯೋದೇನು ಕಷ್ಟ?"

ಎಲ್ಲರೂ ನನ್ನತ್ತ ತಿರುಗಿದರು. ನಾನು ಫೋರ್ಕನ್ನು ತಟ್ಟೆಗೆ ಇಳಿಸಿದೆ.

ಮೊರೀನ್ ವಾಂಡಾಳ ಹಳೆಯ ಪತ್ರಗಳನ್ನು ತೆರೆದು, ಒಂದೊಂದನ್ನೂ ನೋಡುತ್ತ ಹೋದರು. ಗಡಿಯಾರ ಮೂರೂವರೆ.

"ಎಲ್ಲರೂ ಏನು ಬರೆದಿದೆ ಅಂತ ಓದಿದ್ರಿ," ಎಂದರು ಕೊನೆಗೆ. "ಎಲ್ಲಿ ಬರೆದಿದೆ ಅಂತ ಯಾರೂ ನೋಡ್ಲಿಲ್ಲ. ವಾಂಡಾ ಎರಡು ವರ್ಷದಲ್ಲಿ ನೂರಾ ಹತ್ತು ಉತ್ತರ ಕಳಿಸಿದಾಳೆ. ಅಷ್ಟರಲ್ಲೂ ಅವಳ ಮಾತು ಮೇಲೆ, ಕೇಳಿದ ಪ್ರಶ್ನೆ ಕೆಳಗೆ. ಎಷ್ಟು ಬೈಸ್ಕೊಂಡ್ರೂ ಬಿಟ್ಟಿಲ್ಲ. ಈ ಪತ್ರ ಒಂದರಲ್ಲೇ ಪ್ರಶ್ನೆ ಮೇಲಿದೆ. ಉತ್ತರ ಅಚ್ಚುಕಟ್ಟಾಗಿ ಕೆಳಗಿದೆ."

"ಹಾಗಾದ್ರೆ ನಾನು..." ಎಂದೆ.

"ನೀನಾಗಿದ್ರೆ ಅವಳ ತಪ್ಪನ್ನೇ ಮೊದಲು ಕದೀತಿದ್ದೆ. ಅದೇ ತಾನೆ ನಿನ್ನ ಕಸುಬು? ಡಾರ್ಸಿನೂ ಕಂಪನಿ ಚಾಳಿಯವನು, ಮೇಲೇ ಬರೆಯೋದು. ಇಷ್ಟು ವರ್ಷದ ಶಿಸ್ತು ಕೈಗೆ ಅಂಟಿ, ಸುಳ್ಳು ಬರೆಯೋವಾಗಲೂ ಬಿಡದೆ ಹೋಗಿದ್ದು ಒಬ್ಬರಿಗೆ ಮಾತ್ರ."

ಲಾರ್ನ್ ಲ್ಯಾಪ್‌ಟಾಪ್ ಮುಚ್ಚಿದ.

"ಚೀಲದಲ್ಲಿ ಯಾವುದು ಕೆಟ್ಟರೂ ಫೋನ್ ಬರೋದು ನನಗೆ," ಎಂದ ತಗ್ಗಿದ ದನಿಯಲ್ಲಿ. "ಬರೆದವರು ಎರಡು ವರ್ಷಕ್ಕೆ ನಾಪತ್ತೆ. ನಲವತ್ತೆರಡು ಮಕ್ಕಳನ್ನ ನಾನೊಬ್ಬನೇ ಸಾಕ್ಬೇಕು. ಒಂದೊಂದಾಗಿ ಇಳಿಸೋಣ ಅಂದ್ಕೊಂಡೆ. ಓಟಿಗೆ ಹಾಕಿದ್ರೆ ಸೋಲ್ತಿದ್ದೆ."

"ಸೋಲ್ಬೇಕಿತ್ತು," ಎಂದರು ಮೊರೀನ್. "ಬಿಡುಗಡೆ ಆದ್ಮೇಲೆ ಚೀಲದ ಕೀಲಿ ನನ್ನ ಕೈಗೆ ಕೊಡಿ."

ವಾಂಡಾ ಕಾಗದದ ಕರವಸ್ತ್ರದ ಮೇಲೆ ಏನೋ ಗೀಚಿ ಅವನತ್ತ ಸರಿಸಿದಳು. "ನನ್ನ ನಂಬರು. ಟ್ವಿನ್ ಕೆಟ್ರೆ ಫೋನ್ ನನಗೆ ಬರ್ಲಿ. ನಾನು ನಾಪತ್ತೆ ಆಗಲ್ಲ. ಈಗ ಒಳಗೆ ಹಾಕಿ."

ಐದಕ್ಕೆ ಇಪ್ಪತ್ತು ನಿಮಿಷವಿರುವಾಗ ಪಟ್ಟಿಯಲ್ಲಿ ನಲವತ್ತೆರಡಾದವು. ಲಾರ್ನ್ ಗುಂಪಿಗೆ ಮೇಲ್ ಕಳಿಸಿದ: 'ಟ್ವಿನ್ ಒಳಗಿದೆ. ತಪ್ಪು ನನ್ನದು. ಸರಿಯಿದೆಯೇ, ನೋಡಿ.'

ಮೇಜಿನ ಆಚೆ ತುದಿಯಿಂದಲೇ ವಾಂಡಾಳ ಉತ್ತರ ಬಂತು: 'ಸರಿಯಿದೆ.'

ಪ್ರಶ್ನೆಯ ಮೇಲೆಯೇ ಕೂತಿತ್ತು ಅದು. ಲಾರ್ನ್ ಬಾಯಿ ತೆರೆದ. ಮೊರೀನ್ ನೋಡಿದರು. ಅವನು ಒಂದು ತಣ್ಣನೆಯ ಪೆರೋಗಿಯನ್ನು ಬಾಯಿಗೆ ಹಾಕಿಕೊಂಡು, ಬಿಡುಗಡೆಯ ಗುಂಡಿ ಒತ್ತಿದ.