ವಾಪಸ್ ಹೋದ ಅರಿಶಿನದ ಕಾಗದ

"ಈ ಪದ ತಪ್ಪು ಸಾರ್... ಎರಡು ಸಿ, ಎರಡು ಎಂ ಬರಬೇಕು."

ಶಿವಬಾಲನ್ ಕಾಗದ ನೋಡಲಿಲ್ಲ, ಅವಳನ್ನೇ ನೋಡಿದ. ನಿವೇತಾ ಕೆಂಪು ಪೆನ್ನಿನಿಂದ ಆ ಪದದ ಸುತ್ತ ಗೆರೆ ಎಳೆದಳು.

ತಮಿಳು ಸೀಮೆಯ ಚಿನ್ನಮನೂರಿನ ಪ್ರೆಸ್ಸಿನಲ್ಲಿ ಅಚ್ಚಿಗೆ ಮೊದಲು ತಪ್ಪು ತಿದ್ದುವುದು ಅವಳ ಕೆಲಸ. ಅವನದು ಓಡೈಪಟ್ಟಿಯಲ್ಲಿ ದ್ರಾಕ್ಷಿ ತೋಟ. ತೋಟ ನೋಡಲು ಬರುವವರಿಗೆಂದು ಎರಡು ರೂಮು ಕಟ್ಟಿಸಿ, ಬೋರ್ಡಿಗೆ 'ಅಕಾಮಡೇಷನ್' ಎಂದು ಇಂಗ್ಲಿಷಿನಲ್ಲಿ ಬರೆದು ತಂದಿದ್ದ. ಊರಿನ ಅರ್ಧ ಬೋರ್ಡುಗಳಂತೆ ಇದರಲ್ಲೂ ಒಂದು ಎಂ ಕಡಿಮೆ.

"ಇರೋದೇ ಎರಡು ರೂಮು. ಅದಕ್ಕೆ ಇಷ್ಟುದ್ದ ಬೇಕಾ ಪುಳ್ಳೆ?"

ಅಂಗಡಿಗೆ ಬರುವವರೆಲ್ಲ ತಮಿಳಿನಲ್ಲೇ ಮಾತಾಡುವಾಗ ಇವನು ಅವಳದೇ ಮನೆಮಾತಿನ ಕನ್ನಡದಲ್ಲಿ, ಮನೆಹುಡುಗಿಯನ್ನು ಕರೆಯುವಂತೆ 'ಪುಳ್ಳೆ' ಎಂದು ಕೇಳಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ.

ಬೋರ್ಡು ಮುಗಿದರೂ ಅವನು ಬರುವುದು ಮುಗಿಯಲಿಲ್ಲ. ಪೆಟ್ಟಿಗೆಯ ಲೇಬಲ್ಲು, ವಿಸಿಟಿಂಗ್ ಕಾರ್ಡು... ಮನಸ್ಸಿದ್ದವನಿಗೆ ನೆಪಕ್ಕೇನು ಬರ!

ಹೀಗೆ ಮೂರು ತಿಂಗಳಾದ ಮೇಲೆ ಒಂದು ದಿನ ಅವಳ ಕೈಗೊಂದು ಹಾಳೆ ಕೊಟ್ಟು, "ನೋಡು" ಎಂದಷ್ಟೇ ಹೇಳಿ ಹೊರಟುಹೋದ.

ಅದು ಅವನ ಮದುವೆಯ ಕರೆಯೋಲೆ! ನಾಲ್ಕು ಮೂಲೆಗೂ ಅರಿಶಿನ. ಹೆಣ್ಣಿನ ಹೆಸರಿನ ಜಾಗ ಖಾಲಿ.

'ಯಾರವಳು? ಹಾಗಾದರೆ ಇಷ್ಟು ದಿನ ನನ್ನ ಹತ್ತಿರ ಬಂದದ್ದು ಬರೀ ಅಚ್ಚಿನ ಕೆಲಸಕ್ಕಾ...'

ಕೊನೆಯ ಸಾಲಿನಲ್ಲಿ ನೆಂಟರಿಗೆ ತೋಟದಲ್ಲಿ ತಂಗುವ ಏರ್ಪಾಡು ಎಂದಿತ್ತು. ಅದೇ ಇಂಗ್ಲಿಷ್ ಪದ, ಅದೇ ತಪ್ಪು. ಕಣ್ಣೊರೆಸಿಕೊಂಡು ಎಂ ಸೇರಿಸಿದಳು. ಸಂಜೆಯ ಓಡೈಪಟ್ಟಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ವಾಪಸ್ ಕಳಿಸಿದಳು.

ಆಮೇಲೆ ಅವನ ಸುದ್ದಿಯೇ ಇಲ್ಲ. ಅಚ್ಚು ಹಾಕಿಸಲೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಮದುವೆ ನಿಂತಿತೇ? ತಿದ್ದಿದ್ದಕ್ಕೆ ಕೋಪವೇ? ಎಂಟು ದಿನ ಯೋಚಿಸಿದರೂ ತಲೆಬುಡ ತಿಳಿಯಲಿಲ್ಲ.

ಕೊನೆಗೆ ಅಮ್ಮಾಯಿ, ಅಂದರೆ ಅಮ್ಮನ ತಾಯಿ ವೀರಮ್ಮಾಳ್ ಹತ್ತಿರ ಹೇಳಿಕೊಂಡಳು. ಅವರೆಕಾಯಿ ಸುಲಿಯುತ್ತಿದ್ದ ಮುದುಕಿಯ ಕೈ ನಿಂತಿತು.

"ಅರಿಶಿನ ಹಚ್ಚಿದ ಕಾಗದವ ಮೆಚ್ಚಿದ ಹೆಣ್ಣಿನ ಕೈಗೇ ಕೊಡೋದು ಆ ಹುಡುಗನ ಮನೆ ವಾಡಿಕೆ. ಇಟ್ಕೊಂಡ್ರೆ ಒಪ್ಪಿಗೆ. ತಿರುಗಿ ಕಳಿಸಿದ್ರೆ ಬೇಡ ಅಂತ. ನೀ ಏನ್ ಮಾಡ್ದೆ?"

"ತಿದ್ದಿ... ಕಳಿಸಿದೆ ಅಮ್ಮಾಯಿ."

ಆ ಖಾಲಿ ಜಾಗ ತನ್ನದೇ ಆಗಿತ್ತು! ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಹೋದಳು. ತೋಟದ ಬಾಗಿಲಲ್ಲಿ ಎರಡು ಎಂ ಇರುವ ಬೋರ್ಡು. ಚಪ್ಪರದ ಕೆಳಗೆ ದ್ರಾಕ್ಷಿಬಳ್ಳಿ ಕಟ್ಟುತ್ತಿದ್ದ ಅವನು ತಿರುಗಿಯೂ ನೋಡಲಿಲ್ಲ.

"ಬೇಡ ಅಂದಮೇಲೆ ಇಲ್ಲೇನು ಕೆಲಸ?"

"ನನ್ನ ಕಾಗದ ಕೊಡಿ."

"ತಪ್ಪಿರೋ ಕಾಗದ ಯಾಕೆ ನಿಂಗೆ?"

"ತಿದ್ದೋಕೆ ಬರುತ್ತೆ ನಂಗೆ. ಅದನ್ನ ಇಟ್ಕೋಬೇಕು ಅಂತ ಗೊತ್ತಿರ್ಲಿಲ್ಲ... ಮಾಮ."

ಇದುವರೆಗೆ ಅವಳು ಅವನನ್ನು ಸಾರ್ ಎಂದೇ ಕರೆದವಳು. ಅವರ ಜನರಲ್ಲಿ ಹೆಣ್ಣು ಕೈಹಿಡಿಯುವವನನ್ನೇ ಮಾಮ ಎನ್ನುವುದು. ಅವನ ಕೈಯಲ್ಲಿದ್ದ ದಾರ ಜಾರಿತು.

"ಇನ್ನೊಂದ್ ದಪ ಹೇಳು."

"ಮೊದ್ಲು ಕಾಗದ."

ಅದು ಅವನ ಅಂಗಿಯ ಜೇಬಿನಲ್ಲೇ ಇತ್ತು. ಎಂಟು ದಿನದ ಬೆವರಿಗೆ ಅವಳ ಕೆಂಪು ಶಾಯಿ ಅರಿಶಿನದೊಳಗೆ ಹರಡಿತ್ತು. ಅವಳು ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇನ್ನು ಕೇಳಿದ್ರೂ ಕೊಡಲ್ಲ, ಮಾಮ."