ಕುಂಕುಮವಿಲ್ಲದ ಖಡ್ಗ

ಕೈಯಲ್ಲಿ ಖಡ್ಗವಿದ್ದೂ ಕಣ್ಣಲ್ಲಿ ಕರುಣೆಯನ್ನು ಬಿಡದ ಜಗನ್ಮಾತೆಗೆ ಮೊದಲ ನಮಸ್ಕಾರ. ಹೊರಗಿನ ಮಹಿಷನನ್ನು ಮರ್ದಿಸಿದ ತಾಯೇ, ನಮ್ಮೊಳಗೆ ಸದ್ದಿಲ್ಲದೆ ಮೇಯುವ ಮಹಿಷನನ್ನೂ ನೋಡಿಕೋ. ಅರಿಷಡ್ವರ್ಗದಲ್ಲಿ ಮಾತ್ಸರ್ಯವನ್ನು ಹಿರಿಯರು ಕಡೆಗೆ ಎಣಿಸಿದರು. ಕಾಮಕ್ಕೆ ಒಂದು ವಸ್ತು ಬೇಕು, ಲೋಭಕ್ಕೆ ಒಂದು ಗಂಟು ಬೇಕು. ಮಾತ್ಸರ್ಯಕ್ಕೆ ತನಗೆಂದು ಏನೂ ಬೇಡ, ಎದುರಿನವನಿಗೆ ಇಲ್ಲದಿದ್ದರೆ ಸಾಕು. ಇದು ಅದರ ಕತೆ. ಹೇಳುವ ನಾಲಿಗೆ ಯಾರನ್ನೂ ಹಳಿಯದಂತೆ ಕಾಪಾಡು.

2024ನೆಯ ಅಕ್ಟೋಬರ್ 12, ಶನಿವಾರ, ವಿಜಯದಶಮಿ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಜರ್ಮನಿಯ ರೇಗನ್ಸ್‌ಬರ್ಗಿನ ಠಾಣೆಗೆ ದೂರು ಬಂತು. ಡೊನಾವ್ ನದಿಯ ದಂಡೆಯ ಹಾಳುಕೋಟೆಯಲ್ಲಿ ವಾರಾಂತ್ಯದ ಮೇಳ ನಡೆದಿತ್ತು. ಗುಡಾರ ಹೊಡೆದು, ನಾರುಬಟ್ಟೆಯ ನಿಲುವಂಗಿ ತೊಟ್ಟು, ಆರುನೂರು ವರ್ಷಗಳ ಹಿಂದಿನವರಂತೆ ಎರಡು ದಿನ ಬದುಕುವ ಆಟವದು. ಅಲ್ಲಿನ ಖಡ್ಗವರಸೆಯ ಪ್ರದರ್ಶನದಲ್ಲಿ ಉದಯಕುಮಾರನೆಂಬ ಎಂಜಿನಿಯರನ ಬಲಗೈ ಸೀಳಿಹೋಗಿತ್ತು. ‘ನಮ್ಮ ಖಡ್ಗಗಳೆಲ್ಲ ಮೊಂಡು. ಇದು ಆಗಬಾರದ ಗಾಯ,’ ಎಂದು ಸಂಘದ ಮುಖ್ಯಸ್ಥೆ ಫೋನಿನಲ್ಲಿ ಹೇಳಿದ್ದಳು.

ತನಿಖೆ ಸ್ಪಂದನಾ ಹಿರೇಮಠಳ ಪಾಲಿಗೆ ಬಂತು. ತಂದೆ ಬಾಗಲಕೋಟೆಯಿಂದ ಬಂದ ಎಂಜಿನಿಯರ್. ಅವಳು ಬೆಳೆದದ್ದು ಜರ್ಮನಿಯದೇ ಊರಾದ ಹರ್ಟ್ಸೋಗೆನಾವ್‌ರಾಕ್‌ನಲ್ಲಿ. ಠಾಣೆಯ ಕಾಗದಗಳಲ್ಲಿ ಅವಳು ಕೊಮಿಸ್ಸಾರಿನ್; ಊರ ಕನ್ನಡಿಗರ ಬಾಯಲ್ಲಿ ಇನ್ಸ್‌ಪೆಕ್ಟರ್ ಮೇಡಂ.

ಅವಳು ಕೋಟೆಯ ಅಂಗಳಕ್ಕೆ ಹೋದಾಗ ಹುಲ್ಲಿನ ಪಿಂಡಿಯ ಮೇಲೆ ಲೂಕಾಸ್ ಎಂಬ ಯುವಕ ಮುಖ ಮುಚ್ಚಿಕೊಂಡು ಕುಳಿತಿದ್ದ. ಉದಯಕುಮಾರನ ಎದುರು ಖಡ್ಗ ಹಿಡಿದವನು ಅವನೇ.

‘ಖಡ್ಗ ನಿನ್ನದೇ?’

‘ನನ್ನದೇ. ನೀಲಿ ಚರ್ಮದ ಹಿಡಿ, ನಾನೇ ಸುತ್ತಿದ್ದು.’

‘ಹರಿತ ಮಾಡಿದ್ದು?’

‘ನಾನಲ್ಲ. ಆಣೆಗೂ ನಾನಲ್ಲ.’

ಕಾನ್‌ಸ್ಟೆಬಲ್ ಮಾರ್ಟಿನ್ ಅವಳನ್ನು ಪಕ್ಕಕ್ಕೆ ಕರೆದ. ‘ಹಿಡಿಯ ಮೇಲೆ ಇವನ ಬೆರಳಚ್ಚು ಬಿಟ್ಟರೆ ಬೇರೆ ಯಾರದೂ ಸಿಗುವಂತಿಲ್ಲ. ಪ್ರಕರಣವನ್ನು ಇವನ ಹೆಸರಿಗೇ ಬರೆದುಬಿಡೋಣ. ಸಂಜೆಯೊಳಗೆ ಒಳಗೆ ಹಾಕಬಹುದು.’

‘ಮೊದಲು ಪಂಚನಾಮೆ ಆಗಲಿ.’

ಇಬ್ಬರು ಸಾಕ್ಷಿಗಳ ಎದುರು ಆರು ಖಡ್ಗಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಲೂಕಾಸನ ಖಡ್ಗದ ತುದಿಯಲ್ಲಿ ಒಂದು ಗೇಣಿನಷ್ಟು ಅಂಚನ್ನು ಯಾರೋ ಅರ ಹಾಕಿ ಉಜ್ಜಿದ್ದರು. ಆ ಭಾಗ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು.

‘ಇನ್ನೊಂದು ವಿಷಯ,’ ಎಂದ ಮಾರ್ಟಿನ್. ‘ಉಳಿದ ಐದಕ್ಕೂ ಹಿಡಿಯ ಬುಡದಲ್ಲಿ ತುಕ್ಕು ಹತ್ತಿದೆ. ಇದೊಂದು ಮಾತ್ರ ಸ್ವಚ್ಛ.’

ಸ್ಪಂದನಾ ಬಗ್ಗಿ ನೋಡಿದಳು. ‘ತುಕ್ಕಲ್ಲ ಮಾರ್ಟಿನ್, ಕುಂಕುಮ. ನಿನ್ನೆ ಖಂಡೇನವಮಿ, ನಮ್ಮಲ್ಲಿ ಆಯುಧಗಳಿಗೆ ಪೂಜೆ ಮಾಡುವ ದಿನ.’

ಆಸ್ಪತ್ರೆಯ ಓಣಿಯಂಥ ಮೊಗಸಾಲೆಯಲ್ಲಿ ಉದಯಕುಮಾರನ ತಾಯಿ ಸಿದ್ದಕ್ಕ ಇಳಕಲ್ ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ ಹಾಕಿಕೊಂಡು ಕುಳಿತಿದ್ದರು. ಮಗನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಮಡಿಲಲ್ಲಿ ಊರಿಂದ ತಂದ ಬನ್ನಿ ಎಲೆಗಳ ಪೊಟ್ಟಣ. ಮಗನ ಕೈಯ ನರಗಳನ್ನು ಹೊಲಿದಿದ್ದಾರೆ, ಮುಷ್ಟಿ ಮತ್ತೆ ಮುಚ್ಚೀತೆಂದು ವೈದ್ಯರು ಮಾತು ಕೊಡಲೊಲ್ಲರು. ಪಕ್ಕದಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದವನು ಸಂತೋಷಕುಮಾರ. ಉದಯನ ಆಫೀಸಿನವನು, ಅದೇ ಸಂಘದವನು, ಆ್ಯಂಬುಲೆನ್ಸ್ ಹಿಂದೆಯೇ ಕಾರು ಓಡಿಸಿಕೊಂಡು ಬಂದವನು.

‘ಅಮ್ಮಾರ, ಖಂಡೇ ಪೂಜಿ ಯಾರು ಮಾಡಿದ್ರಿ?’ ಎಂದು ಸ್ಪಂದನಾ ಕೇಳಿದಳು.

‘ನಾನ ಯವ್ವಾ. ಉದಯ ಬ್ಯಾಡ ಬ್ಯಾಡ ಅಂದ. ಆ ಜರ್ಮನ್ ಹುಡುಗರು ಮಾತ್ರ ಶಾಣ್ಯಾರಂಗ ಕೈ ಮುಗುದು ನಿಂತ್ರು ನೋಡು. ಭಕ್ತಿ ಅಲ್ಲ, ಪೇಢೆ ಸಲುವಾಗಿ.’

‘ಆರಕ್ಕೂ ಕುಂಕುಮ ಹಚ್ಚೀರಿ?’

‘ದೇವರ ಮುಂದ ಒಂದಕ್ಕ ಹಚ್ಚಿ ಒಂದಕ್ಕ ಬಿಡ್ತಾರೇನು? ಆರಕ್ಕೂ ಹಚ್ಚೀನಿ.’

‘ಅಲ್ಲಿ ಕನ್ನಡದವರು ಯಾರ್ ಯಾರು ಇದ್ರಿ?’

‘ನಾವ ಮೂರು ಮಂದಿ. ನಾನು, ಉದಯ, ಈ ಸಂತೋಷ.’ ಮುದುಕಿ ದನಿ ತಗ್ಗಿಸಿದರು. ‘ಆ ಲೂಕಾಸಗ ಏನೂ ಮಾಡಬ್ಯಾಡ್ರಿ. ಹೊಡಸ್ಕೊಂಡಾವಗಿಂತ ಹೆಚ್ಚು ಅತ್ತಾನ ಅಂವ. ಕೂಸಿನಂಥಾ ಹುಡುಗ.’

ಸಂತೋಷಕುಮಾರ ಕಪ್ಪನ್ನು ಬೆಂಚಿನ ಮೇಲಿಟ್ಟು ಕಿಟಕಿಯತ್ತ ತಿರುಗಿದ.

ಕೋಟೆಗೆ ಮರಳುವ ದಾರಿಯಲ್ಲಿ ಮಾರ್ಟಿನ್ ಹೇಳಿದ: ‘ಬೆರಳಚ್ಚು ಅಳಿಸಲು ಒರೆಸಿರಬೇಕು.’

‘ಹಾಗಾದರೆ ಹಿಡಿಯನ್ನು ಒರೆಸಬೇಕಿತ್ತು. ಉಜ್ಜಿದ್ದು ತುದಿಯಲ್ಲಿ, ಕುಂಕುಮವಿದ್ದದ್ದು ಬುಡದಲ್ಲಿ. ಅಡ್ಡವೇ ಇಲ್ಲದ್ದನ್ನು ಯಾರಾದರೂ ಏಕೆ ಒರೆಸುತ್ತಾರೆ?’

‘ಏಕೆ?’

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕುಂಕುಮ ಬರಿಯ ಕೆಂಪು ಪುಡಿಯಾಗಿ ಕಾಣುವವನು ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಪೂಜೆಗೊಂಡ ಖಡ್ಗ ದೇವಿಯ ಕೈಯದು ಎಂದು ನಂಬಿದವನು ಮಾತ್ರ, ಅದಕ್ಕೆ ಅರ ಹಾಕುವ ಮುನ್ನ, ಕುಂಕುಮ ಒರೆಸಿ ದೇವಿಯನ್ನು ಅಲ್ಲಿಂದ ಕಳಿಸಿಕೊಟ್ಟಿರಬೇಕು.

ಹಾಗೆ ನಂಬಿದವನು ಒರೆಸಿದ ಬಟ್ಟೆಯನ್ನು ಎಲ್ಲಿ ಹಾಕಿಯಾನು? ಮೇಳದ ಕಸದ ಡಬ್ಬಿಗಳನ್ನೆಲ್ಲ ಮಾರ್ಟಿನ್ ಸೋಸಿ ಆಗಿತ್ತು. ಸ್ಪಂದನಾಳಿಗೆ ತನ್ನ ತಾಯಿ ನೆನಪಾದರು. ಹೂವು, ಕುಂಕುಮದ ಕಾಗದ, ಊದುಬತ್ತಿಯ ಬೂದಿ ಯಾವುದನ್ನೂ ಅವರು ಬಿಯೋಟೊನ್ನೆಗೆ ಹಾಕಿದವರಲ್ಲ. ಹಸಿ ಕಸದ ಆ ಕಂದು ಡಬ್ಬಿಯನ್ನು ಜರ್ಮನಿಯ ಅರ್ಧ ಧರ್ಮವೆಂದು ಅಪ್ಪ ಎಷ್ಟು ನಕ್ಕರೂ, ‘ಕಾಲು ತುಳಿಯೂ ಜಾಗಾದಾಗ ಹಾಕಬಾರದು,’ ಎಂದು ಪೊಟ್ಟಣ ಕಟ್ಟಿ ಗುಲಾಬಿ ಗಿಡದ ಕವಲಿಗೆ ಸಿಕ್ಕಿಸುತ್ತಿದ್ದರು.

ಆಯುಧಗಳ ಗುಡಾರದ ಹಿಂದೆ ಒಂದು ಹಳೆಯ ಲಿಂಡೆ ಮರವಿತ್ತು. ಅವಳು ನೆಲ ಬಿಟ್ಟು ಮೇಲೆ ನೋಡಿದಳು. ತಲೆಗಿಂತ ಎತ್ತರದ ಕವಲಿನಲ್ಲಿ, ನಾಲ್ಕು ಮಡಿಕೆ ಮಾಡಿದ ನಾರುಬಟ್ಟೆ. ಬಿಡಿಸಿದರೆ ಒಳಗೆ ಕುಂಕುಮದ ಕಲೆ. ಕಲೆಯ ಮೇಲೆ ಉಕ್ಕಿನ ಮಿನುಗುವ ಪುಡಿ.

ಮಾರ್ಟಿನ್ ಅದನ್ನು ಲಕೋಟೆಗೆ ಸೇರಿಸಿ ಮೊಹರು ಹಾಕುತ್ತ, ‘ನಾನಾಗಿದ್ದರೆ ಹತ್ತು ವರ್ಷ ಕಸದಲ್ಲೇ ಹುಡುಕುತ್ತಿದ್ದೆ,’ ಎಂದ.

ಸಂಜೆ ಆರಕ್ಕೆ ಆಸ್ಪತ್ರೆಯ ಪಕ್ಕದ ಕೋಣೆಯೊಂದರಲ್ಲಿ ಸಂತೋಷಕುಮಾರನನ್ನು ಕೂರಿಸಿದರು. ಮಾತಾಡದೆ ಇರುವ, ವಕೀಲನನ್ನು ಕರೆಸುವ ಹಕ್ಕು ಅವನಿಗಿದೆಯೆಂದು ಸ್ಪಂದನಾ ಎರಡು ಭಾಷೆಗಳಲ್ಲೂ ತಿಳಿಸಿದಳು. ಅವನು ತಲೆಯಾಡಿಸಿದ. ಅನಂತರ ಅವಳು ಒಂದೇ ಪ್ರಶ್ನೆ ಕೇಳಿದಳು.

‘ಕುಂಕುಮ ಯಾಕ ಒರಸಿದ್ರಿ?’

‘ಪೂಜಿ ಆದ ಖಂಡೇಕ್ಕ ಹಂಗ ಅರ ಹಚ್ಚಬಾರದಲ್ರಿ, ಮೇಡಂ,’ ಎಂದುಬಿಟ್ಟ ಸಂತೋಷಕುಮಾರ. ಮಾತು ಬಾಯಿ ದಾಟಿದ ಮೇಲೆ ಅದೇನೆಂದು ಅವನಿಗೆ ಕೇಳಿಸಿತು.

ಅವನು ಕುರ್ಚಿಗೆ ಒರಗಿ ಮುಂದಿನದನ್ನು ತಾನೇ ಹೇಳತೊಡಗಿದ.

‘ಒಂದು ಗೀರು ಬೀಳ್ಲಿ, ಮಧ್ಯಾಹ್ನದ ಶೋದಿಂದ ಹೊರಗ ಹೋಗ್ಲಿ ಅಂದಿದ್ದೆ. ಅಷ್ಟ. ಅವನ ಜಾಗಾಕ್ಕ ನಾನು ನಿಲ್ತಿದ್ದೆ. ಅವನ್ನ ಕ್ಲಬ್ಬಿಗೆ ಕರಕೊಂಡ್ ಬಂದಾವನ ನಾನು. “ವೀಕೆಂಡ್ ಮನ್ಯಾಗ ಕುಂತು ಏನ್ ಮಾಡ್ತಿ ಮಗಾ, ಬಾ” ಅಂತ. ಖಡ್ಗ ಹಿಡಿಯೂದು ಹೆಂಗಂತ ತೋರಿಸಿದ್ದೂ ನಾನ. ಈ ವರ್ಷ ಅಂವ ರಿಟ್ಟರ್, ವೀರ. ನಾನು ಅವನ ಗುರಾಣಿ ಹಿಡಿಯಾಂವ.’

‘ಅದಕ್ಕ?’

‘ಅದನ್ನೂ ತಡಕೊಂಡೆ. ನಿನ್ನೆ ನನ್ನ ಮಗಳು ಪವಿ ಚಿತ್ರಾ ತೋರಿಸಿದ್ಲು. ಕುದುರಿ ಮ್ಯಾಲೆ ಉದಯ ಅಂಕಲ್. “ಉಂಟ್ ಪಪ್ಪಾ?” ಅಂದೆ ನಾನ ಅಕಿಗೆ, ಅಕಿ ಜರ್ಮನ್ ಭಾಷಾದಾಗ: ಮತ್ತ ನಿನ್ನ ಪಪ್ಪಾ ಎಲ್ಲಿ ಅಂತ. ಅಕಿ ನಕ್ಕೋತ, ಗುರಾಣಿ ಹಿಂದ ಅದಾನ ಅಂದ್ಲು. ಖರೇನ, ಬರೇ ಎರಡು ಬೂಟು ಬರದಿದ್ಲು.’

ಮಾರ್ಟಿನ್‌ಗಾಗಿ ಅದನ್ನೆಲ್ಲ ಜರ್ಮನ್‌ನಲ್ಲಿ ಹೇಳಿಸಿ, ಸಹಿ ಪಡೆದು, ಬಂಧನವನ್ನು ದಾಖಲಿಸಿದರು. ಅರ ಅವನ ಕಾರಿನಲ್ಲೇ ಸಿಕ್ಕಿತು. ಲೂಕಾಸನಿಗೆ ಮನೆಗೆ ಹೋಗಬಹುದೆಂದು ಸ್ಪಂದನಾ ತಾನೇ ಫೋನು ಮಾಡಿದಳು.

ಹೊರಗೆ ಕರೆದೊಯ್ಯಲು ಸಿದ್ದಕ್ಕನ ಮುಂದೆಯೇ ಹಾಯಬೇಕಿತ್ತು. ಅವರು ದಾದಿಗೊಂದು ಬನ್ನಿ ಎಲೆ ಕೊಟ್ಟು, ‘ಬಂಗಾರದಂಗ ಇರು ತಂಗಿ,’ ಎನ್ನುತ್ತಿದ್ದರು. ಇನ್ನೊಂದನ್ನು ಆಯ್ದು ಕೈ ಮುಂದೆ ಚಾಚಿದವರಿಗೆ ಸಂತೋಷಕುಮಾರನ ಕೈಯ ಬೇಡಿ ಕಂಡಿತು.

‘ನೀನ?’

‘ಹೂಂ, ಅತ್ತಿ.’

ಅವರು ಚಾಚಿದ ಕೈಯನ್ನು ಹಿಂದಕ್ಕೆ ತಂದರು. ‘ಬನ್ನಿ ವೈರಿಗೂ ಕೊಡಬೇಕು ಅಂತಿದ್ರು ನಮ್ಮತ್ತಿ,’ ಎಂದರು ಸಿದ್ದಕ್ಕ. ‘ಇವತ್ತ ನನ್ನ ಕೈಲೆ ಆಗೂದಿಲ್ಲಪಾ.’

ಆ ಎಲೆಯನ್ನು ಅವರು ಪೊಟ್ಟಣಕ್ಕೆ ಮರಳಿ ಹಾಕಲಿಲ್ಲ. ಸೆರಗಿನ ತುದಿಯಲ್ಲಿಟ್ಟು, ಬೇರೆಯಾಗಿ ಗಂಟು ಹಾಕಿದರು.

ದೇವಿಗೆ ಹೆದರಿ ಕುಂಕುಮ ಒರೆಸಿದವನಿಗೆ ಗೆಳೆಯನ ಕೈಯಲ್ಲಿಯೂ ಅದೇ ದೇವಿ ಇದ್ದಾಳೆಂಬುದು ತೋಚಲಿಲ್ಲ. ಈ ಕತೆ ಕೇಳಿದವರಿಗೆ ಅದು ತೋಚಲಿ. ನೆರೆಯವನ ಏಳಿಗೆ ಕಂಡ ಕಣ್ಣು ತಂಪಾಗಲಿ. ಸೀಳಿದ ಕೈ ಕೂಡಿಕೊಳ್ಳಲಿ. ಸೆರಗಿನಲ್ಲಿ ಕಟ್ಟಿಟ್ಟ ಎಲೆ ಪುಡಿಯಾಗುವ ಮುನ್ನ ಕೊಡುವ ಮನಸ್ಸು ಬರಲಿ. ತಾಯಿ ಎಲ್ಲರನ್ನೂ ಬಂಗಾರದಂತೆ ಇಟ್ಟಿರಲಿ.