ಕೈ ಕೆಳಗಿನ ಕೈ

ಅವರು ಹೋದ ಸುದ್ದಿ ಮೊದಲು ತಿಳಿದದ್ದು ನನ್ನ ಅಂಗೈಗೆ.

ಬೆಳಗಿನ ಲಿಂಗಪೂಜೆಯ ಹೊತ್ತು. ಅವರ ಎಡಗೈಯಲ್ಲಿ ಇಷ್ಟಲಿಂಗ, ಆ ಕೈಯ ಕೆಳಗೆ ನನ್ನ ಕೈ. ಹನ್ನೊಂದು ವರ್ಷಗಳಿಂದ ನಾನು ಬಲ್ಲ ಭಾರ ಅದು. ಆ ದಿನ ಒಮ್ಮೆಲೇ ಹೆಚ್ಚಾಯಿತು. ತಲೆಯೆತ್ತಿ ನೋಡಿದೆ. ಕಣ್ಣು ಲಿಂಗದ ಮೇಲೆಯೇ ಇತ್ತು, ಉಸಿರು ಇರಲಿಲ್ಲ. ಅಳುವ ಮೊದಲು ನಾನು ಲಿಂಗವನ್ನು ಭದ್ರವಾಗಿ ಹಿಡಿದೆ. ಹನ್ನೊಂದು ವರ್ಷ ನಾವಿಬ್ಬರೂ ಅಂಜಿದ್ದು ಅದೊಂದಕ್ಕೇ, ಅದು ನೆಲಕ್ಕೆ ಬಿದ್ದೀತೆಂದು.

ನಾವು ಕಂಪ್ಲಿಯವರು. ಅವರ ಹೆಸರು ತೋಟಪ್ಪ. ಗಂಡನ ಹೆಸರನ್ನು ಎಂದೂ ಬಾಯಿಂದ ಆಡಿದವಳಲ್ಲ; ಬರೆದದ್ದನ್ನು ಶಿವ ಕ್ಷಮಿಸಲಿ. ಮೂವತ್ತೊಂದನೆಯ ಇಸವಿಯ ಮಾಘದಲ್ಲಿ, ಆಲೆಮನೆಯಲ್ಲಿ ಬೆಲ್ಲದ ಪಾಕ ತಿರುವುತ್ತಿದ್ದವರಿಗೆ ಲಕ್ವ ಹೊಡೆಯಿತು. ಎಡಗಡೆಯೆಲ್ಲ ಬಿದ್ದುಹೋಯಿತು.

ಪೂಜೆಯಾಗದೆ ನೀರು ಮುಟ್ಟದ ನೇಮ ಅವರದು. ಲಿಂಗ ಹಿಡಿಯಬೇಕಾದದ್ದು ಎಡ ಅಂಗೈಯಲ್ಲಿ. ಎರಡು ದಿನ ಉಪವಾಸ ಕುಳಿತರು.

"ಬಿದ್ರ ನಾ ಉಳ್ಯಾಂಗಿಲ್ಲ, ಚೆನ್ನಿ," ಎಂದರು. ನಾಲಿಗೆ ತೊದಲುತ್ತಿತ್ತು, ಮನಸ್ಸು ತೊದಲುತ್ತಿರಲಿಲ್ಲ. ಲಿಂಗ ಬಿದ್ದರೆ ಪ್ರಾಣ ಬಿಡಬೇಕೆಂದು ನಂಬಿದ ಮನೆತನ.

"ಬೀಳಾಕ ನಾ ಬಿಡಬೇಕಲ್ರೀ," ಎಂದು ಜೋತುಬಿದ್ದ ಆ ಕೈಯನ್ನು ಎತ್ತಿ, ಕೆಳಗೆ ನನ್ನದನ್ನು ಇಟ್ಟೆ.

"ನಿನ್ನ ಕೈ ನಡುಗಾಕ ಹತ್ತೈತಿ."

"ನಿಮ್ದು ನಡುಗೂದಿಲ್ಲ. ಎರಡೂ ಕೂಡಿ ಒಂದು ಚಲೋ ಕೈ ಆಗ್ತೈತಿ. ಸುಮ್ನ ಪೂಜಿ ಮಾಡ್ರಿ."

ಆ ದಿನ ಅವರು ನೀರು ಕುಡಿದರು.

ಕೆಲವು ತಿಂಗಳಿಗೆ ಕೋಲು ಹಿಡಿದು ಅಂಗಳದವರೆಗೆ ನಡೆದರು. ಆದರೆ ಎಡಗೈಯ ಬೆರಳುಗಳು ಒಂದೊಂದಾಗಿ ಒಳಕ್ಕೆ ಮಡಚತೊಡಗಿದವು. ದಿನವೂ ಎದ್ದ ಕೂಡಲೇ ಆ ಬೆರಳುಗಳನ್ನು ನೋಡುತ್ತಿದ್ದೆ. ಮುಷ್ಟಿ ಪೂರ್ತಿ ಮುಚ್ಚಿದರೆ ಲಿಂಗಕ್ಕೆ ಜಾಗವೆಲ್ಲಿ?

ಸಂಡೂರು ಸಂಸ್ಥಾನದ ಬಂಡ್ರಿಯಿಂದ ನಾಟಿ ವೈದ್ಯ ಪಾಲಪ್ಪನನ್ನು ಕರೆಸಿದೆ. ಆತ ಔಡಲೆಣ್ಣೆ ತಿಕ್ಕಿ, ಬಿಸಿ ಮರಳಿನ ಗಂಟಿನಿಂದ ಕಾವು ಕೊಟ್ಟು, ಬೆರಳು ಬಿಡಿಸಿ ನನ್ನ ಕಡೆ ತಿರುಗಿದ.

"ಯವ್ವಾ, ತಿನಸೂದು, ತೊಡಸೂದು ಎಲ್ಲಾ ನೀನ ಮಾಡಿದ್ರ ಈ ಕೈ ಏಳಾಂಗಿಲ್ಲ. ದಿನಾ ಇವರ ಕಡಿಂದ ಹಿಟ್ಟು ನಾದಸು."

"ರೊಟ್ಟಿ ಹಿಟ್ಟೇನು?" ಎಂದರು ಇವರು, ಮುಖ ಸಿಂಡರಿಸಿ.

"ಮನ್ಯಾಗ ಬಂಗಾರದ್ದಿದ್ರ ಅದನ್ನ ನಾದು, ತೋಟಪ್ಪಣ್ಣ."

ಅಡಿಗೆಮನೆಯ ಬಾಗಿಲು ಹಾಕಿಸಿಯೇ ಕುಳಿತರು. ಬಲಗೈಯಿಂದ ಎಡಗೈಯನ್ನು ಒತ್ತಿ ಒತ್ತಿ ನಾದಿದರು.

"ಯಾರಿಗೂ ಹೇಳಬ್ಯಾಡ."

"ನಾ ಯಾಕ ಹೇಳ್ಲಿ? ನಿಮ್ಮ ಗಡ್ಡದಾಗಿನ ಹಿಟ್ಟ ಹೇಳ್ತೈತಿ."

ಅವರ ಬಾಯಿಯ ಬಲಭಾಗ ಮೊದಲು ನಕ್ಕಿತು. ಎಡಭಾಗ ನಿಧಾನವಾಗಿ ಬಂದು ಸೇರಿತು. ತಡವಾಗಿ ಬರುವ ಆ ಅರ್ಧ ನಗೆಗಾಗಿ ನಾನು ಹೊಸ ಮದುವಣಗಿತ್ತಿಯಂತೆ ಕಾಯುತ್ತಿದ್ದೆ.

ಒಂದು ದಿನ ಹಿಟ್ಟಿಗೆ ಕುದಿನೀರು ಹೆಚ್ಚಾಗಿತ್ತು. ಅವರು ನಾದುತ್ತಲೇ ಇದ್ದರು. ಕೈ ತೊಳೆಸುವಾಗ ಎಡ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಸುಟ್ಟದ್ದು ಅವರಿಗೆ ತಿಳಿದೇ ಇರಲಿಲ್ಲ. ಬೆಂಕಿ ತಿಳಿಯದ ಕೈಗೆ ಲಿಂಗ ಜಾರಿದ್ದು ತಿಳಿದೀತೆ? ಅಂದಿನಿಂದ ಹಿಟ್ಟಿನ ಕಾವನ್ನು ಮೊದಲು ನನ್ನ ಕೆನ್ನೆಗೆ ಹಚ್ಚಿ ನೋಡಿಯೇ ಕೊಡುತ್ತಿದ್ದೆ. ಅವರು ನೋಡಿಯೂ ನೋಡದಂತೆ ತಲೆ ತಗ್ಗಿಸುತ್ತಿದ್ದರು.

ಐದನೆಯ ವರ್ಷ, ನಾದುತ್ತಿದ್ದವರು ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು.

"ಸುಡಾಕ ಹತ್ತೈತಿ, ಚೆನ್ನಿ."

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. "ಸುಟ್ಟದ್ದು ನನಗ, ಅಳೂದು ನೀನೇನು?" ಎಂದರು. ಅವರ ದನಿಯೂ ಒದ್ದೆಯಾಗಿತ್ತು.

ಮರುದಿನ ಪೂಜೆಯಲ್ಲಿ, "ನಿನ್ನ ಕೈ ತಗಿ," ಎಂದರು.

"ಬ್ಯಾಡ್ರೀ."

"ತಗಿ."

ನನ್ನ ಕೈಯನ್ನು ಬೆರಳಷ್ಟು ಕೆಳಗೆ ಸರಿಸಿದೆ. ಮತ್ತೂ ಸರಿಸಿದೆ. ಅವರ ಬೆರಳುಗಳು ಅರ್ಧ ಮಡಚಿ, ಲಿಂಗವನ್ನು ಬಟ್ಟಲಿನಂತೆ ಹಿಡಿದು ನಿಂತವು. ವಿಭೂತಿ ಹಚ್ಚಿದರು, ಪತ್ರಿ ಏರಿಸಿದರು. ಲಿಂಗ ಅಲುಗಲಿಲ್ಲ.

"ಈಗ ಇಡು," ಎಂದರು.

"ಯಾಕ್ರಿ? ನಿಂತೈತಲ್ಲ."

"ಕೈ ನಿಂತೈತಿ." ಲಿಂಗದ ಮೇಲಿನ ಕಣ್ಣು ತೆಗೆಯಲಿಲ್ಲ. "ಕೆಳಗ ನಿನ್ನ ಕೈ ಇಲ್ಲಂದ್ರ ನನಗ ಪೂಜಿ ಆದಂಗ ಅನ್ಸೂದಿಲ್ಲ."

ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಅವರು ನನಗೆ ಹೇಳಿದ ಒಂದೇ ಒಂದು ಅಂತಹ ಮಾತು. ಮತ್ತೆ ಆರು ವರ್ಷ, ಒಂದು ದಿನವೂ ತಪ್ಪದೆ, ಆ ಕೈಯ ಕೆಳಗೆ ನನ್ನ ಕೈ ಇತ್ತು. ನನ್ನ ಅಂಜಿಕೆಯೂ ಅಲ್ಲಿಯೇ ಇತ್ತು.

ಅವರು ಹೋದ ದಿನ ಸಂಜೆ, ಹೊಲದಲ್ಲಿ ಅವರನ್ನು ಸಮಾಧಿಗೆ ಇಳಿಸಿ ಪದ್ಮಾಸನದಲ್ಲಿ ಕೂರಿಸಿದರು. ಮಠದ ಅಯ್ಯನವರು ಕೆಳಗಿಳಿದು ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಬೆರಳು ಮತ್ತೆ ಮಡಚೀತೆ, ಲಿಂಗ ಜಾರೀತೆ ಎಂದು ನಾನು ಬಗ್ಗಿ ನೋಡುತ್ತಿದ್ದೆ. ದಂಡೆಯ ಮೇಲೆ ಕುಳಿತಿದ್ದ ನನ್ನ ಕೈ ತಾನಾಗಿ ಮೇಲ್ಮುಖವಾಗಿ ಚಾಚಿಕೊಂಡಿತ್ತು.

ಅಯ್ಯನವರು ಮೇಲೆ ನೋಡಿದರು. "ನಿಂತೈತವ್ವಾ. ಇನ್ನ ಕೈ ತಗಿ."

ತೆಗೆಯಲು ಬಹಳ ಹೊತ್ತು ಹಿಡಿಯಿತು.

ಶಿವನೇ, ನಾನು ನನ್ನ ಕೈ ತೆಗೆದಿದ್ದೇನೆ. ಆ ಜಾಗದಲ್ಲಿ ನಿನ್ನ ಕೈ ಇರಲಿ. ಬಹಳ ಅಂಜಿದ ಜೀವ ಅದು. ಇನ್ನು ಅಂಜದಂತೆ ನೋಡಿಕೋ. ಅವರಿಗೆ ಶಾಂತಿ ಕೊಡು, ತಂದೆ.